ಪಾಠವನ್ನು ನೋಡುವ ವಿದ್ಯೆ

ಲೋಕದಲ್ಲಿ ಕಸುಬುಗಳು ಬೆಳೆದುಬಂದಿರುವ ಬಗೆಯನ್ನು ವಿಚಾರಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಬ್ಬನು ಮಾಡುವ ಕೆಲಸವನ್ನು ಅದೇ ಕೆಲಸ ಬಲ್ಲ ಇನ್ನೊಬ್ಬನು ಹತ್ತಿರ ನಿಂತು ನೋಡುವುದರಿಂದಲೇ ವಿದ್ಯೆ ಒಂದು ಕೈಯಿಂದ ಮತ್ತೊಂದು ಕೈಗೆ ದಾಟಿದೆ. ಗರಡಿಯಲ್ಲಿ ಒಬ್ಬ ಪೈಲ್ವಾನನು ಹಾಕಿದ ಪಟ್ಟನ್ನು ಉಳಿದವರು ಅಂಚಿನಲ್ಲಿ ಕುಳಿತು ಗಮನಿಸುತ್ತಾರೆ. ಸಂಗೀತ ಕಚೇರಿಯ ಮುಂದಿನ ಸಾಲಿನಲ್ಲಿ ಬೇರೆ ವಿದ್ವಾಂಸರು ಕುಳಿತು ತಲೆದೂಗುತ್ತಾರೆ, ಇಲ್ಲವೆ ಹುಬ್ಬು ಗಂಟಿಕ್ಕುತ್ತಾರೆ. ಶಸ್ತ್ರಚಿಕಿತ್ಸೆ ನಡೆಯುವಾಗ ಒಬ್ಬ ವೈದ್ಯನ ಪಕ್ಕದಲ್ಲಿ ಮತ್ತೊಬ್ಬ ವೈದ್ಯನಿರುವುದು ಸಾಮಾನ್ಯ. ಈ ನಿಯಮಕ್ಕೆ ಎದ್ದು ಕಾಣುವ ಅಪವಾದವೊಂದುಂಟು. ಅದು ಉಪಾಧ್ಯಾಯ ವೃತ್ತಿ.

ಶಾಲೆಯ ಗಂಟೆ ಬಾರಿಸುತ್ತದೆ. ಉಪಾಧ್ಯಾಯರು ತಮ್ಮ ತಮ್ಮ ಕೊಠಡಿಗಳನ್ನು ಹೊಗುತ್ತಾರೆ. ಒಂದೇ ಶಾಲೆಯಲ್ಲಿ ಹತ್ತು ಹದಿನೈದು ವರ್ಷ ದುಡಿದ ಇಬ್ಬರು ಉಪಾಧ್ಯಾಯರು ಒಬ್ಬರ ಮನೆಯ ಮದುವೆ ಮುಂಜಿಗಳಿಗೆ ಇನ್ನೊಬ್ಬರು ಹೋಗಿಬಂದಿರುತ್ತಾರೆ. ಆದರೆ ಒಬ್ಬರು ಪಾಠ ಹೇಳುವುದನ್ನು ಇನ್ನೊಬ್ಬರು ಒಮ್ಮೆಯಾದರೂ ಕುಳಿತು ನೋಡಿರುವುದು ಅಪರೂಪ. ಗೋಡೆಯಾಚೆಯಿಂದ ಧ್ವನಿ ಕೇಳಿಸುತ್ತದೆ, ಅಷ್ಟೆ. ತರಗತಿಯೊಳಕ್ಕೆ ಹೊರಗಿನ ಹಿರಿಯರೊಬ್ಬರು ಬಂದು ಕುಳಿತರೆಂದರೆ ಅದು ತಪಾಸಣೆಯ ದಿನವೆಂದೇ ಅರ್ಥ. ಅಂದು ಉಪಾಧ್ಯಾಯರು ಹೇಳುವ ಪಾಠ ನಿತ್ಯದ ಪಾಠವಾಗಿರುವುದಿಲ್ಲ.

ಷಿಕಾಗೋ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ ಎಂಬುವರು ಉಪಾಧ್ಯಾಯರ ಜೀವನವನ್ನು ಅಭ್ಯಾಸಮಾಡಿ ೧೯೭೫ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಶಾಲೆಯ ಕೊಠಡಿಗಳನ್ನು ಅವರು ಮೊಟ್ಟೆಗಳನ್ನಿಡುವ ಪೆಟ್ಟಿಗೆಗೆ ಹೋಲಿಸಿದರು. ಪ್ರತಿಯೊಂದು ಮೊಟ್ಟೆಗೂ ಅದರದೇ ಗುಳಿ. ಒಂದು ಇನ್ನೊಂದಕ್ಕೆ ತಾಗುವುದಿಲ್ಲ. ಅದೇ ಗ್ರಂಥದಲ್ಲಿ ಅವರು ಇನ್ನೊಂದು ಲೆಕ್ಕವನ್ನೂ ಕೊಟ್ಟರು. ಅಮೆರಿಕದ ವಿದ್ಯಾರ್ಥಿಯೊಬ್ಬನು ಪ್ರೌಢಶಾಲೆಯ ವ್ಯಾಸಂಗವನ್ನು ಮುಗಿಸುವ ಹೊತ್ತಿಗೆ ಸುಮಾರು ೧೩,೦೦೦ ಗಂಟೆಗಳ ಕಾಲ ಉಪಾಧ್ಯಾಯರ ಎದುರಿನಲ್ಲಿ ಕುಳಿತಿರುತ್ತಾನೆ. ಮುಂದೆ ಅವನೇ ಉಪಾಧ್ಯಾಯನಾದರೆ, ಅವನ ಕಲಿಸುವ ರೀತಿಯ ಬಹುಭಾಗವು ಆ ೧೩,೦೦೦ ಗಂಟೆಗಳಲ್ಲಿ ಮನಸ್ಸಿನಲ್ಲಿ ನಿಂತ ಚಿತ್ರಗಳಿಂದ ಬಂದುದು. ಆದರೆ ಆ ಚಿತ್ರಗಳು ವಿದ್ಯಾರ್ಥಿಯು ಮಣೆಯ ಮೇಲೆ ಕುಳಿತು ಕಂಡವು. ಉಪಾಧ್ಯಾಯರು ಆ ಪ್ರಶ್ನೆಯನ್ನೇ ಏಕೆ ಕೇಳಿದರು, ಆ ಉದಾಹರಣೆಯನ್ನೇ ಏಕೆ ಆರಿಸಿದರು ಎಂಬುದು ಅಲ್ಲಿಂದ ಕಾಣುವುದಿಲ್ಲ. ಅದನ್ನು ಕಾಣಬಲ್ಲ ವಯಸ್ಸು ಬಂದಾಗ ನೋಡುವ ಅವಕಾಶವೇ ತಪ್ಪಿಹೋಗುತ್ತದೆ.

ಉಪಾಧ್ಯಾಯರು ಒಬ್ಬರ ಪಾಠವನ್ನೊಬ್ಬರು ನೋಡಿ, ಕೂಡಿ ವಿಚಾರಮಾಡಿ, ತಮ್ಮ ವಿದ್ಯೆಯನ್ನು ತಾವೇ ಬೆಳೆಸಿಕೊಳ್ಳುವ ಕ್ರಮವನ್ನು ಕುರಿತು ಈ ಲೇಖನದಲ್ಲಿ ವಿಚಾರಿಸುವೆವು. ಈ ನೋಟದ ಪ್ರಯೋಜನವೇನು? ನೋಡುವವರು ಏನನ್ನು ನೋಡಬೇಕು? ಇದರಿಂದ ಮಕ್ಕಳಿಗೆ ನಿಜವಾಗಿ ಲಾಭವಾಗಿದೆಯೆ? ಇವು ನಮ್ಮ ಮುಂದಿರುವ ಪ್ರಶ್ನೆಗಳು.

ಹಲಗೆಯ ಬಳಿಯಿಂದ ಕಾಣದ ಸಂಗತಿ

ಮೊದಲನೆಯ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಒಂದು ಗಣಿತದ ಪಾಠವನ್ನು ಮನಸ್ಸಿಗೆ ತಂದುಕೊಳ್ಳೋಣ. ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆ. ದಶಮಾಂಶ ಸಂಖ್ಯೆಗಳ ಪಾಠ ಮುಗಿದಿದೆ. ಉಪಾಧ್ಯಾಯರು ಕರಿಹಲಗೆಯ ಮೇಲೆ ೦.೪ ಮತ್ತು ೦.೨೫ ಎಂಬ ಎರಡು ಸಂಖ್ಯೆಗಳನ್ನು ಬರೆದು, ಇವುಗಳಲ್ಲಿ ದೊಡ್ಡದು ಯಾವುದೆಂದು ಕೇಳುತ್ತಾರೆ. ಮೂವತ್ತು ಮಕ್ಕಳು ೦.೪ ಎಂದು ಬರೆಯುತ್ತಾರೆ. ಉತ್ತರ ಸರಿ. ಹತ್ತು ಮಕ್ಕಳು ೦.೨೫ ಎಂದು ಬರೆಯುತ್ತಾರೆ. ಇಪ್ಪತ್ತೈದು ನಾಲ್ಕಕ್ಕಿಂತ ದೊಡ್ಡದಲ್ಲವೆ? ಆದುದರಿಂದ ೦.೨೫ ದೊಡ್ಡದೆಂಬುದು ಅವರ ತರ್ಕ. ತರಗತಿಯ ಮುಕ್ಕಾಲು ಪಾಲಿಗೆ ಪಾಠ ಹತ್ತಿದೆಯೆಂದು ಉಪಾಧ್ಯಾಯರು ನಂಬುತ್ತಾರೆ. ಹತ್ತನೆಯ ಒಂದು ಭಾಗವು ನೂರನೆಯ ಒಂದು ಭಾಗಕ್ಕಿಂತ ದೊಡ್ಡದೆಂಬುದನ್ನು ಆ ಹತ್ತು ಮಂದಿಗಾಗಿ ಮತ್ತೊಮ್ಮೆ ವಿವರಿಸುತ್ತಾರೆ.

ಅನಂತರ ೦.೩ ಮತ್ತು ೦.೪೫ ಎಂಬ ಸಂಖ್ಯೆಗಳನ್ನು ಬರೆದು ಅದೇ ಪ್ರಶ್ನೆಯನ್ನು ಕೇಳುತ್ತಾರೆ. ಈ ಸಲವೂ ಮೂವತ್ತು ಮಂದಿ ಸರಿಯಾಗಿ ೦.೪೫ ಎನ್ನುತ್ತಾರೆ. ಹತ್ತು ಮಂದಿ ತಪ್ಪುತ್ತಾರೆ. ಮೊದಲು ತಪ್ಪಿದ ಹತ್ತು ಮಂದಿಯೇ ಮತ್ತೆ ತಪ್ಪಿದರೆಂದು ಹಲಗೆಯ ಬಳಿ ನಿಂತವರಿಗೆ ತೋರುತ್ತದೆ. ವಾಸ್ತವವಾಗಿ ಹಾಗಲ್ಲದಿರಬಹುದು. ಮೊದಲು ತಪ್ಪಿದವರು ಈಗ ಸರಿಯಾಗಿ ಹೇಳುತ್ತಾರೆ. ನಲವತ್ತೈದು ಮೂರಕ್ಕಿಂತ ದೊಡ್ಡದೆಂಬ ಅವರ ಹಳೆಯ ತರ್ಕವೇ ಇಲ್ಲಿ ಸರಿಯಾದ ಉತ್ತರವನ್ನು ಕೊಡುತ್ತದೆ. ಈಗ ತಪ್ಪಿದವರು ಬೇರೆ ಹತ್ತು ಮಂದಿ. ಬಿಂದುವಿನ ಬಲಗಡೆ ಅಂಕೆಗಳು ಕಡಮೆಯಿದ್ದರೆ ಸಂಖ್ಯೆ ದೊಡ್ಡದೆಂಬ ನಿಯಮವನ್ನು ಅವರು ತಾವಾಗಿಯೇ ಕಟ್ಟಿಕೊಂಡಿದ್ದಾರೆ. ಹತ್ತನೆಯ ಭಾಗವು ನೂರನೆಯ ಭಾಗಕ್ಕಿಂತ ದೊಡ್ಡದೆಂಬುದನ್ನು ಅವರು ಬಲ್ಲರು; ಆದುದರಿಂದ ಹತ್ತನೆಯ ಭಾಗಗಳಿಂದಾದ ಸಂಖ್ಯೆಯು ಯಾವಾಗಲೂ ದೊಡ್ಡದೆಂದು ಊಹಿಸಿದ್ದಾರೆ. ಮೊದಲನೆಯ ಪ್ರಶ್ನೆಗೆ ಅವರ ಉತ್ತರವು ಸರಿ, ಕಾರಣವು ತಪ್ಪು.

ಎರಡು ಸಲವೂ ಮೂವತ್ತು ಮಂದಿ ಸರಿಯಾಗಿ ಉತ್ತರಿಸಿದರು. ಆದರೆ ದಶಮಾಂಶದ ಅರ್ಥವನ್ನು ತಿಳಿದವರು ಇಪ್ಪತ್ತೇ ಮಂದಿ. ಈ ಅಂಕಿಗಳು ವಿವರಣೆಗಾಗಿ ನಾವು ಕಲ್ಪಿಸಿಕೊಂಡವು. ಆದರೆ ಈ ಎರಡು ಬಗೆಯ ತಪ್ಪು ತಿಳಿವಳಿಕೆಗಳು ಕಲ್ಪನೆಯಲ್ಲ. ಫ್ರಾನ್ಸಿನ ಸಂಶೋಧಕರು ೧೯೮೦ರ ದಶಕದಲ್ಲಿಯೂ, ಅನಂತರ ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದವರೂ ಇವನ್ನು ಮಕ್ಕಳಲ್ಲಿ ಕಂಡು ವಿವರವಾಗಿ ವರ್ಣಿಸಿದ್ದಾರೆ.

ಇದರ ಪರಿಣಾಮವನ್ನು ಗಮನಿಸಬೇಕು. ಎರಡನೆಯ ಗುಂಪಿನ ಮಕ್ಕಳಿಗೆ ಉಪಾಧ್ಯಾಯರು ಹತ್ತನೆಯ ಭಾಗವೇ ದೊಡ್ಡದೆಂದು ಪುನಃ ಪುನಃ ವಿವರಿಸಿದರೆ ಅವರ ತಪ್ಪು ನಿಯಮವು ಮತ್ತಷ್ಟು ಗಟ್ಟಿಯಾಗುತ್ತದೆ. ಒಂದು ಕಾಯಿಲೆಗೆ ಹಿತವಾದ ಔಷಧವು ಇನ್ನೊಂದಕ್ಕೆ ಅಹಿತವಾದಂತೆ ಇದು. ಉಪಾಧ್ಯಾಯರ ಶ್ರದ್ಧೆಯಲ್ಲಿ ಲೋಪವಿಲ್ಲ. ಮಗುವಿನ ಬುದ್ಧಿಯಲ್ಲಿಯೂ ಲೋಪವಿಲ್ಲ. ಹಾಗಿದ್ದರೂ ಮಗು ತನಗೆ ಗಣಿತ ಬರುವುದಿಲ್ಲವೆಂಬ ನಿರ್ಣಯಕ್ಕೆ ಮುಂದೊಂದು ದಿನ ಬರುತ್ತದೆ.

ಈ ಸಂಗತಿಯನ್ನು ಕಾಣಬಲ್ಲವರು ಯಾರು? ಹಲಗೆಯ ಬಳಿ ನಿಂತು ನಲವತ್ತು ಮಂದಿಯನ್ನೂ ಒಟ್ಟಿಗೆ ನಡೆಸಬೇಕಾದವರಿಗೆ ಇದು ಕಷ್ಟ. ಒಂದು ಮಗುವಿನ ಪಕ್ಕದಲ್ಲಿ ಕುಳಿತು, ಅದು ಮೊದಲನೆಯ ಪ್ರಶ್ನೆಗೂ ಎರಡನೆಯ ಪ್ರಶ್ನೆಗೂ ಬರೆದ ಉತ್ತರಗಳೆರಡನ್ನೂ ನೋಡಿದವರಿಗೆ ಇದು ಸುಲಭ. ಸಹೋದ್ಯೋಗಿಯ ಕಣ್ಣಿನ ಪ್ರಯೋಜನ ಇಲ್ಲಿದೆ.

ಜಪಾನಿನಲ್ಲಿ ಬೆಳೆದ ಕ್ರಮ

ಇಂಥ ಕಣ್ಣುಗಳನ್ನು ತರಗತಿಯೊಳಕ್ಕೆ ತರುವ ಏರ್ಪಾಟನ್ನು ನೂರು ವರ್ಷಕ್ಕೂ ಮೀರಿದ ಕಾಲದಿಂದ ರೂಢಿಯಲ್ಲಿಟ್ಟುಕೊಂಡು ಬಂದಿರುವ ದೇಶ ಜಪಾನು. ಅಲ್ಲಿನ ಭಾಷೆಯಲ್ಲಿ ಇದಕ್ಕೆ 'ಜುಗ್ಯೊ ಕೆನ್‌ಕ್ಯೂ' ಎಂದು ಹೆಸರು. ಜುಗ್ಯೊ ಎಂದರೆ ಪಾಠ. ಕೆನ್‌ಕ್ಯೂ ಎಂದರೆ ಸಂಶೋಧನೆ. ಕನ್ನಡದಲ್ಲಿ ಇದನ್ನು 'ಪಾಠ ಸಂಶೋಧನೆ' ಎನ್ನಬಹುದು.

ಇದರ ಮೂಲವನ್ನು ಮೇಯ್ಜಿ ಯುಗದಲ್ಲಿ ಹುಡುಕಬೇಕು. ಅದಕ್ಕೆ ಮುಂಚೆ ಜಪಾನಿನ ಸಣ್ಣ ಪಾಠಶಾಲೆಗಳಲ್ಲಿ ನಮ್ಮ ಹಳೆಯ ಕೂಲಿಮಠಗಳಲ್ಲಿದ್ದಂತೆ ಗುರುವು ಒಬ್ಬೊಬ್ಬ ಶಿಷ್ಯನಿಗೂ ಬೇರೆಬೇರೆಯಾಗಿ ಪಾಠ ಹೇಳುತ್ತಿದ್ದನು. ೧೮೭೨ರಲ್ಲಿ ಆ ದೇಶದ ಸರ್ಕಾರವು ಎಲ್ಲ ಮಕ್ಕಳಿಗೂ ಶಿಕ್ಷಣವನ್ನು ವಿಧಿಸಿ ಹೊಸ ವ್ಯವಸ್ಥೆಯನ್ನು ತಂದಿತು. ಅದೇ ವರ್ಷ ಟೋಕಿಯೋ ನಗರದಲ್ಲಿ ಉಪಾಧ್ಯಾಯರ ತರಬೇತಿಗಾಗಿ ನಾರ್ಮಲ್ ಶಾಲೆಯೊಂದು ಸ್ಥಾಪನೆಯಾಯಿತು. ಅಲ್ಲಿಗೆ ನೇಮಕವಾದ ಅಮೆರಿಕದ ಮೇರಿಯನ್ ಸ್ಕಾಟ್ ಎಂಬ ಶಿಕ್ಷಕನು ಕರಿಹಲಗೆಯ ಮುಂದೆ ನಿಂತು ಇಡೀ ತರಗತಿಗೆ ಒಟ್ಟಿಗೆ ಪಾಠ ಹೇಳುವ ವಿಧಾನವನ್ನು ಸ್ವತಃ ಮಾಡಿ ತೋರಿಸಿದನು. ಜಪಾನೀ ಉಪಾಧ್ಯಾಯರಿಗೆ ಇದು ತೀರ ಹೊಸದು. ನೋಡದೆ ಕಲಿಯುವ ಉಪಾಯವೇ ಇರಲಿಲ್ಲ. ಪಾಠವನ್ನು ಅನೇಕರು ಕುಳಿತು ನೋಡುವುದು, ಅನಂತರ ಚರ್ಚಿಸುವುದು, ಹೀಗೆ ರೂಢಿಯಾಯಿತು. ಕಾಲಕ್ರಮದಲ್ಲಿ ಅದು ತರಬೇತಿ ಶಾಲೆಯ ಗೋಡೆಯನ್ನು ದಾಟಿ ಪ್ರಾಥಮಿಕ ಶಾಲೆಗಳ ನಿತ್ಯಜೀವನಕ್ಕೆ ಸೇರಿಹೋಯಿತು.

ಹೊರಗಿನ ಪ್ರಪಂಚಕ್ಕೆ ಇದರ ಪರಿಚಯವಾದದ್ದು ಬಹಳ ತಡವಾಗಿ. ೧೯೯೫ರ ಅಂತರರಾಷ್ಟ್ರೀಯ ಗಣಿತ ಮತ್ತು ವಿಜ್ಞಾನ ಸಮೀಕ್ಷೆಯ ಅಂಗವಾಗಿ ಜರ್ಮನಿ, ಜಪಾನು, ಅಮೆರಿಕ ಈ ಮೂರು ದೇಶಗಳ ಎಂಟನೆಯ ತರಗತಿಯ ೨೩೧ ಗಣಿತ ಪಾಠಗಳನ್ನು ವೀಡಿಯೊದಲ್ಲಿ ಸೆರೆಹಿಡಿದು ಹೋಲಿಸಲಾಯಿತು. ಮೂರು ದೇಶಗಳಲ್ಲಿ ಪಾಠ ನಡೆಯುವ ರೀತಿ ತೀರ ಭಿನ್ನವಾಗಿತ್ತು. ಈ ಕೆಲಸದಲ್ಲಿ ಮುಖ್ಯರಾಗಿದ್ದ ಜೇಮ್ಸ್ ಸ್ಟಿಗ್ಲರ್ ಮತ್ತು ಅವರ ಸಂಗಡಿಗ ಜೇಮ್ಸ್ ಹೀಬರ್ಟ್ ೧೯೯೯ರಲ್ಲಿ ಬರೆದ ಗ್ರಂಥದಲ್ಲಿ, ಜಪಾನಿನ ಉಪಾಧ್ಯಾಯರು ತಮ್ಮ ಪಾಠಗಳನ್ನು ಸ್ವಲ್ಪಸ್ವಲ್ಪವಾಗಿ ತಿದ್ದಿಕೊಳ್ಳುತ್ತ ಬಂದ ಈ ಕ್ರಮವನ್ನು ವರ್ಣಿಸಿದರು. ಅಲ್ಲಿಂದ ಮುಂದೆ ಅನೇಕ ದೇಶಗಳು ಇದನ್ನು ಅನುಸರಿಸಲು ತೊಡಗಿದವು.

ಕ್ರಮದ ಹಂತಗಳು

ಪಾಠ ಸಂಶೋಧನೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಬಹುದು. ವಿಜ್ಞಾನದ ಪ್ರಯೋಗಕ್ಕೂ ಇದಕ್ಕೂ ಇರುವ ಸಾದೃಶ್ಯವು ಇದರಿಂದ ತಾನಾಗಿಯೇ ತಿಳಿಯುವುದು.

ಮೊದಲನೆಯದು ಪಾಠ್ಯವಸ್ತುವಿನ ಅಭ್ಯಾಸ. ನಾಲ್ಕಾರು ಉಪಾಧ್ಯಾಯರು ಕೂಡಿ ಮಕ್ಕಳಿಗೆ ಕಷ್ಟವಾಗುವ ಒಂದು ಭಾಗವನ್ನು ಆರಿಸಿಕೊಳ್ಳುತ್ತಾರೆ. ಬೇರೆಬೇರೆ ಪಠ್ಯಪುಸ್ತಕಗಳು ಅದನ್ನು ಹೇಗೆ ಪರಿಚಯಿಸುತ್ತವೆ, ಹಿಂದಿನ ವರ್ಷ ಮಕ್ಕಳು ಎಲ್ಲಿ ಎಡವಿದರು, ಮುಂದಿನ ತರಗತಿಯಲ್ಲಿ ಇದು ಎಲ್ಲಿ ಬೇಕಾಗುತ್ತದೆ ಎಂಬುದನ್ನು ವಿಚಾರಿಸುತ್ತಾರೆ. ಇದಕ್ಕೆ ಕೆಲವು ವಾರಗಳೇ ಹಿಡಿಯಬಹುದು.

ಎರಡನೆಯದು ಪಾಠದ ಟಿಪ್ಪಣಿಯನ್ನು ಬರೆಯುವುದು. ನಮ್ಮ ಉಪಾಧ್ಯಾಯರೆಲ್ಲರಿಗೂ ಪಾಠ ಟಿಪ್ಪಣಿಯ ಪರಿಚಯವುಂಟು. ಆದರೆ ಜಪಾನಿನ ಟಿಪ್ಪಣಿಯಲ್ಲಿ ಒಂದು ವಿಶೇಷವಿದೆ. ಉಪಾಧ್ಯಾಯರು ಏನು ಹೇಳುವರೆಂಬುದರ ಪಕ್ಕದಲ್ಲಿಯೇ, ಅದಕ್ಕೆ ಮಕ್ಕಳು ಏನೇನು ಉತ್ತರಗಳನ್ನು ಕೊಡಬಹುದೆಂಬ ಊಹೆಯನ್ನೂ ಬರೆಯುತ್ತಾರೆ. ಸರಿಯಾದ ಉತ್ತರವನ್ನಷ್ಟೇ ಅಲ್ಲ. ಬರಬಹುದಾದ ತಪ್ಪು ಉತ್ತರಗಳನ್ನೂ, ಪ್ರತಿಯೊಂದು ತಪ್ಪಿಗೂ ಇರಬಹುದಾದ ಕಾರಣವನ್ನೂ ಬರೆಯುತ್ತಾರೆ. ವಿಜ್ಞಾನದ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರಯೋಗಕ್ಕೆ ಮುಂಚೆ ಊಹೆಯನ್ನು ಕಾಗದದ ಮೇಲೆ ದಾಖಲಿಸುತ್ತಾರೆ.

ಮೂರನೆಯದು ಪಾಠ. ಗುಂಪಿನಲ್ಲಿ ಒಬ್ಬರು ತಮ್ಮ ತರಗತಿಗೆ ಪಾಠ ಹೇಳುತ್ತಾರೆ; ಉಳಿದವರು ಗೋಡೆಯ ಪಕ್ಕದಲ್ಲಿಯೂ ಮಕ್ಕಳ ಮೇಜುಗಳ ಹತ್ತಿರವೂ ನಿಲ್ಲುತ್ತಾರೆ. ಕೈಯಲ್ಲಿ ಟಿಪ್ಪಣಿಯ ಪ್ರತಿ, ಮಕ್ಕಳು ಕುಳಿತಿರುವ ಸ್ಥಳಗಳ ನಕ್ಷೆ. ಮಕ್ಕಳು ಸ್ವತಃ ಲೆಕ್ಕ ಮಾಡುವಾಗ ನೋಡುವವರು ಹತ್ತಿರ ಹೋಗಿ, ಅವರು ಬರೆದುದನ್ನೂ ಒರಸಿದುದನ್ನೂ ಪಕ್ಕದವನಿಗೆ ಪಿಸುಗುಟ್ಟಿದುದನ್ನೂ ಗುರುತು ಹಾಕಿಕೊಳ್ಳುತ್ತಾರೆ. ಮಗುವಿಗೆ ಸಹಾಯ ಮಾಡಕೂಡದು. ತಪ್ಪನ್ನು ಕಂಡ ಕೂಡಲೆ ತಿದ್ದುವ ಚಪಲ ಉಪಾಧ್ಯಾಯನಿಗೆ ಹುಟ್ಟುಗುಣದಂತಿರುತ್ತದೆ, ಅದನ್ನು ತಡೆದುಕೊಳ್ಳಬೇಕು.

ನಾಲ್ಕನೆಯದು ಚರ್ಚೆ. ಸಾಮಾನ್ಯವಾಗಿ ಪಾಠ ಹೇಳಿದವರೇ ಮೊದಲು ಮಾತನಾಡುತ್ತಾರೆ. ತಾವು ಎಣಿಸಿದಂತೆ ನಡೆದುದೇನು, ಎಣಿಕೆ ತಪ್ಪಿದುದೆಲ್ಲಿ ಎಂಬುದನ್ನು ಅವರು ಹೇಳಿದ ಮೇಲೆ ಉಳಿದವರು ತಾವು ಕಂಡುದನ್ನು ಮುಂದಿಡುತ್ತಾರೆ. ಕೊನೆಯಲ್ಲಿ ಆ ವಿಷಯವನ್ನು ಚೆನ್ನಾಗಿ ಬಲ್ಲ ಹೊರಗಿನವರೊಬ್ಬರು ತಮ್ಮ ಅಭಿಪ್ರಾಯವನ್ನು ತಿಳಿಸುವುದೂ ಉಂಟು. ಕೆಲವು ವೇಳೆ ತಿದ್ದಿದ ಪಾಠವನ್ನು ಇನ್ನೊಬ್ಬ ಉಪಾಧ್ಯಾಯರು ಇನ್ನೊಂದು ತರಗತಿಗೆ ಹೇಳುತ್ತಾರೆ. ಕಡೆಗೆ ಎಲ್ಲವನ್ನೂ ಬರೆದಿಡುತ್ತಾರೆ.

ನಾವು ಮೇಲೆ ಹೇಳಿದ ದಶಮಾಂಶದ ಪಾಠವನ್ನು ಈ ಕ್ರಮದಲ್ಲಿ ನಡೆಸಿದರೆ ಏನಾಗುವುದೆಂಬುದು ಸುಲಭವಾಗಿ ಊಹಿಸಬಹುದಾದ ಮಾತು. ನೋಡುವವರು ನಾಲ್ವರಿದ್ದು ಒಬ್ಬೊಬ್ಬರೂ ಮೂರು ಮಕ್ಕಳನ್ನು ಗಮನಿಸಿದರೂ, ಉತ್ತರಗಳು ತಿರುವುಮುರುವಾಗುವುದು ಒಬ್ಬರಲ್ಲ ಒಬ್ಬರ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಖಂಡಿತ. ಮುಂದಿನ ಸಲ ಎರಡು ಪ್ರಶ್ನೆಗಳನ್ನೂ ಅಕ್ಕಪಕ್ಕದಲ್ಲಿ ಬರೆದು, ಉತ್ತರಕ್ಕೆ ಕಾರಣವನ್ನೂ ಬರೆಯಿರಿ ಎಂದು ಕೇಳಬೇಕೆಂಬ ತೀರ್ಮಾನ ಆ ಚರ್ಚೆಯಿಂದ ಹುಟ್ಟಬಹುದು. ೦.೪ ಮೀಟರು ೪೦ ಸೆಂಟಿಮೀಟರಿಗೂ ೦.೨೫ ಮೀಟರು ೨೫ ಸೆಂಟಿಮೀಟರಿಗೂ ಸಮವೆಂದು ಅಳತೆಪಟ್ಟಿಯ ಮೇಲೆ ತೋರಿಸಿದರೆ ಎರಡು ಗುಂಪಿನ ತಪ್ಪುಗಳೂ ಒಟ್ಟಿಗೆ ಬಯಲಾಗುವುವೆಂದು ಇನ್ನೊಬ್ಬರು ಸೂಚಿಸಬಹುದು.

ಮಾತು ಕೆಡಿಸುವ ಬಗೆ

ನೋಡುವವರ ದೃಷ್ಟಿಯು ಮಕ್ಕಳ ಕಡೆಗೆ ತಿರುಗಿರಬೇಕೆಂಬ ನಿಯಮವು ಸೌಜನ್ಯಕ್ಕಾಗಿ ಮಾಡಿದುದಲ್ಲ. ಅದಕ್ಕೆ ಗಟ್ಟಿಯಾದ ಕಾರಣವುಂಟು.

ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಷವರ್ಸ್ ಎಂಬ ಶಿಕ್ಷಣತಜ್ಞರು ೧೯೮೦ರ ದಶಕದಲ್ಲಿ ಉಪಾಧ್ಯಾಯರನ್ನು ಜೋಡಿ ಮಾಡಿ, ಒಬ್ಬರ ಪಾಠವನ್ನು ಇನ್ನೊಬ್ಬರು ನೋಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಮೊದಮೊದಲು, ನೋಡಿದವರು ಪಾಠದ ಗುಣದೋಷಗಳನ್ನು ಹೇಳಬೇಕೆಂದು ವಿಧಿಸಲಾಗಿತ್ತು. ಅನುಭವದಿಂದ ಅವರು ಕಂಡುದೇನೆಂದರೆ, ಗುಣದೋಷ ಹೇಳುವುದು ಮೊದಲಾದ ಕೂಡಲೆ ಸಹಕಾರ ಸಡಿಲವಾಗುತ್ತದೆ. ಜೊತೆಗಾರರು ಮೇಲಧಿಕಾರಿಗಳಂತೆ ಮಾತನಾಡತೊಡಗುತ್ತಾರೆ, ಮನಸ್ಸುಗಳು ದೂರವಾಗುತ್ತವೆ. ೧೯೯೬ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಅವರು ಆ ಅಂಗವನ್ನೇ ತಾವು ಕೈಬಿಟ್ಟುದಾಗಿ ತಿಳಿಸಿದರು. ಅಷ್ಟೇ ಅಲ್ಲ; ಅವರು ಪಾತ್ರಗಳನ್ನೂ ತಿರುಗಿಸಿದರು. ಪಾಠ ಹೇಳುವವರೇ ಕಲಿಸುವವರು, ನೋಡುವವರೇ ಕಲಿಯುವವರು ಎಂದು ನಿರ್ಣಯಿಸಿದರು. ನೋಡಲು ಬಂದವರು ತಮ್ಮ ತರಗತಿಗೆ ಏನನ್ನು ಕೊಂಡೊಯ್ಯಬಹುದೆಂಬುದನ್ನು ಹುಡುಕಬೇಕೇ ಹೊರತು, ನೋಡಿಸಿಕೊಂಡವರಿಗೆ ಬುದ್ಧಿ ಹೇಳಲು ಬಂದವರಲ್ಲ.

ತೀರ್ಪು ಹೇಳುವುದಕ್ಕೂ ಕಂಡುದನ್ನು ಹೇಳುವುದಕ್ಕೂ ಇರುವ ಅಂತರವನ್ನು ಉದಾಹರಣೆಯಿಂದ ತಿಳಿಯಬಹುದು. "ನಿಮ್ಮ ಪಾಠ ಬಹಳ ಚೆನ್ನಾಗಿತ್ತು, ಮೇಷ್ಟ್ರೇ" ಎಂಬುದು ತೀರ್ಪು. "ಮಕ್ಕಳಿಗೆ ಬೇಸರವಾಗಿತ್ತು" ಎಂಬುದೂ ತೀರ್ಪೇ. ಮೊದಲನೆಯದರಿಂದ ಕೇಳಿದವರಿಗೆ ಸಂತೋಷ, ಎರಡನೆಯದರಿಂದ ದುಃಖ, ಎರಡರಿಂದಲೂ ತಿಳಿವಳಿಕೆಯಿಲ್ಲ. "ಕಿಟಕಿಯ ಪಕ್ಕದ ಹುಡುಗಿ ಎರಡನೆಯ ಲೆಕ್ಕದ ಉತ್ತರವನ್ನು ಮೂರು ಸಲ ಬರೆದು ಮೂರು ಸಲವೂ ಒರಸಿದಳು, ನೀವು ಹತ್ತಿರ ಬಂದಾಗ ಪುಸ್ತಕವನ್ನು ಮುಚ್ಚಿದಳು" ಎಂಬುದು ಕಂಡ ಸಂಗತಿ. ಇದನ್ನು ಕೇಳಿದ ಉಪಾಧ್ಯಾಯರಿಗೆ ನಾಳೆ ಏನು ಮಾಡಬೇಕೆಂಬ ವಿಚಾರ ಹೊಳೆಯುತ್ತದೆ. ಅದರಲ್ಲಿ ನಿಂದೆಯ ಸೋಂಕೂ ಇಲ್ಲ.

ಪರೀಕ್ಷೆಗೆ ಒಳಪಡಿಸಿದಾಗ

ಒಂದು ಪದ್ಧತಿ ಕೇಳಲು ಸೊಗಸಾಗಿದ್ದರೆ ಸಾಲದು. ಅದರಿಂದ ಫಲವುಂಟೆ ಎಂಬುದನ್ನು ಅಳೆದು ನೋಡಬೇಕು. ಈ ವಿಷಯದಲ್ಲಿ ದೊರೆತ ಫಲಿತಾಂಶಗಳು ಏಕರೀತಿಯಾಗಿಲ್ಲವೆಂಬುದನ್ನು ಮರೆಮಾಚದೆ ಹೇಳಬೇಕಾಗಿದೆ.

ಇಂಗ್ಲೆಂಡಿನಲ್ಲಿ ೧೮೧ ಪ್ರಾಥಮಿಕ ಶಾಲೆಗಳನ್ನು ಚೀಟಿಯೆತ್ತುವ ಕ್ರಮದಲ್ಲಿ ವಿಂಗಡಿಸಿ, ಒಂದು ಭಾಗದ ಶಾಲೆಗಳಲ್ಲಿ ಮಾತ್ರ ಪಾಠ ಸಂಶೋಧನೆಯ ಒಂದು ರೂಪವನ್ನು ನಡೆಸಲಾಯಿತು. ೨೦೧೭ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಮಕ್ಕಳ ಗಣಿತ ಮತ್ತು ಓದಿನಲ್ಲಿ ಹೆಚ್ಚಳವೇನೂ ಕಂಡುಬರಲಿಲ್ಲ. ಹೋಲಿಕೆಗಾಗಿ ಬಿಟ್ಟಿದ್ದ ಶಾಲೆಗಳಲ್ಲಿ ಕೆಲವು ಆ ವೇಳೆಗೆ ತಾವಾಗಿಯೇ ಇಂಥ ಅಭ್ಯಾಸಗಳನ್ನು ಇಟ್ಟುಕೊಂಡಿದ್ದುದೂ ಉಂಟು. ಆದರೂ ಹೆಸರನ್ನೂ ಹಂತಗಳನ್ನೂ ಎರವಲು ತಂದ ಮಾತ್ರಕ್ಕೆ ಫಲ ಬಾರದೆಂಬ ಎಚ್ಚರಿಕೆಯನ್ನು ಇದರಿಂದ ಕಲಿಯಬೇಕು.

ಅದೇ ದೇಶದ ೮೨ ಪ್ರೌಢಶಾಲೆಗಳಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅಲ್ಲಿ ಉಪಾಧ್ಯಾಯರು ಸಹೋದ್ಯೋಗಿಗಳ ಪಾಠವನ್ನು ಗೊತ್ತಾದ ಅಂಶಗಳ ಪಟ್ಟಿಯೊಂದನ್ನು ಹಿಡಿದು ನೋಡುತ್ತಿದ್ದರು. ಅವರ ಸಂಬಳಕ್ಕೂ ಬಡ್ತಿಗೂ ಅದಕ್ಕೂ ಸಂಬಂಧವಿರಲಿಲ್ಲ. ೨೦೧೭ರ ವರದಿಯಲ್ಲಿ ಇದರಿಂದಲೂ ಲಾಭ ಕಾಣಲಿಲ್ಲವೆಂದು ನಿರ್ಣಯವಾಯಿತು. ಆದರೆ ಅದೇ ಪ್ರಯೋಗದ ಅಂಕಿಗಳನ್ನು ಬೇರೆ ವಿಧದಿಂದ ಪರಿಶೀಲಿಸಿದ ಸೈಮನ್ ಬರ್ಜೆಸ್ ಮೊದಲಾದ ಅರ್ಥಶಾಸ್ತ್ರಜ್ಞರು, ೨೦೨೧ರಲ್ಲಿ ಪ್ರಕಟವಾದ ಲೇಖನದಲ್ಲಿ, ಮಕ್ಕಳ ಅಂಕಗಳು ಮಾನಕ ವಿಚಲನೆಯ ೦.೦೭ರಷ್ಟು ಹೆಚ್ಚಿದುವೆಂದು ತೋರಿಸಿದರು. ಸಾಮಾನ್ಯ ಭಾಷೆಯಲ್ಲಿ ಹೇಳುವುದಾದರೆ, ನೂರು ಮಕ್ಕಳನ್ನು ಅಂಕಗಳ ಕ್ರಮದಲ್ಲಿ ನಿಲ್ಲಿಸಿದಾಗ ಸರಿಯಾಗಿ ನಡುವೆ ನಿಂತಿದ್ದ ಮಗು ಸುಮಾರು ಮೂವರನ್ನು ದಾಟಿ ಮುಂದೆ ಬಂದಂತೆ. ಲಾಭ ಚಿಕ್ಕದು, ಆದರೆ ಖರ್ಚೂ ಚಿಕ್ಕದು. ಅದಕ್ಕಿಂತಲೂ ಸ್ವಾರಸ್ಯವಾದುದು ಇನ್ನೊಂದು ಅಂಶ. ನೋಡಿಸಿಕೊಂಡವರ ವಿದ್ಯಾರ್ಥಿಗಳಂತೆಯೇ ನೋಡಿದವರ ವಿದ್ಯಾರ್ಥಿಗಳೂ ಮುಂದುವರಿದರು. ಪ್ರಾಯಶಃ ನೋಡಿದವರ ವಿದ್ಯಾರ್ಥಿಗಳೇ ಸ್ವಲ್ಪ ಹೆಚ್ಚಾಗಿ. ಜಾಯ್ಸ್ ಮತ್ತು ಷವರ್ಸ್ ಪಾತ್ರಗಳನ್ನು ತಿರುಗಿಸಿದುದಕ್ಕೆ ಇದು ತಕ್ಕ ಸಮರ್ಥನೆಯಂತಿದೆ.

ಅಮೆರಿಕದ ಟೆನೆಸಿ ರಾಜ್ಯದ ೧೪ ಶಾಲೆಗಳ ಪ್ರಯೋಗವು ಇನ್ನೂ ನಿರ್ದಿಷ್ಟವಾದುದು. ಅಲ್ಲಿ ಒಂದೊಂದು ಕೌಶಲದಲ್ಲಿ ಹಿಂದುಳಿದ ಉಪಾಧ್ಯಾಯರನ್ನು, ಅದೇ ಕೌಶಲದಲ್ಲಿ ನುರಿತ, ಅದೇ ಶಾಲೆಯ ಇನ್ನೊಬ್ಬರೊಂದಿಗೆ ಜೋಡಿಸಲಾಯಿತು. ಪ್ರಶ್ನೆ ಕೇಳುವುದರಲ್ಲಿ ತೊಡಕಿದ್ದವರಿಗೆ ಪ್ರಶ್ನೆ ಕೇಳಬಲ್ಲವರ ಜೊತೆ ಎಂಬಂತೆ. ೨೦೨೦ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಿಂದುಳಿದಿದ್ದವರ ತರಗತಿಗಳಲ್ಲಿ ಮಕ್ಕಳ ಅಂಕಗಳು ಮಾನಕ ವಿಚಲನೆಯ ೦.೧೨ರಷ್ಟು ಏರಿದವು, ಮುಂದಿನ ವರ್ಷವೂ ಆ ಏರಿಕೆ ಇಳಿಯಲಿಲ್ಲ. ಉತ್ತರ ಕ್ಯಾರೊಲಿನ ರಾಜ್ಯದ ಅಂಕಿಗಳನ್ನು ಪರಿಶೀಲಿಸಿದ ೨೦೦೯ರ ಅಧ್ಯಯನವೊಂದು, ಒಳ್ಳೆಯ ಉಪಾಧ್ಯಾಯರು ಪಕ್ಕದ ಕೊಠಡಿಗೆ ಬಂದರೆ ಉಳಿದ ಕೊಠಡಿಗಳ ಮಕ್ಕಳಿಗೂ ಅದರಿಂದ ಲಾಭವಾಗುವುದೆಂದೂ, ಹೊಸದಾಗಿ ಸೇರಿದ ಉಪಾಧ್ಯಾಯರ ವಿಷಯದಲ್ಲಿ ಈ ಪ್ರಭಾವ ಹೆಚ್ಚೆಂದೂ ತಿಳಿಸಿತು.

ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ ಒಂದು ತಾತ್ಪರ್ಯ ಹೊರಡುತ್ತದೆ. ನೋಟ ಮಾತ್ರದಿಂದ ಫಲವಿಲ್ಲ. ನೋಡುವ ವಸ್ತು ಖಚಿತವಾಗಿರಬೇಕು, ನೋಡಿಸಿಕೊಳ್ಳುವವರಿಗೆ ಭಯವಿರಬಾರದು, ನೋಡಿದುದು ಮರುದಿನದ ಪಾಠದಲ್ಲಿ ಬಳಕೆಗೆ ಬರಬೇಕು.

ನಮ್ಮ ಶಾಲೆಗಳಲ್ಲಿ

ಕರ್ನಾಟಕಕ್ಕೆ ಈ ವಿಚಾರ ತೀರ ಅಪರಿಚಿತವಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ಆರಂಭವಾದ 'ನಲಿ ಕಲಿ' ಪದ್ಧತಿಯ ಇತಿಹಾಸವೇ ಇದಕ್ಕೆ ಸಾಕ್ಷಿ. ಆ ತಾಲ್ಲೂಕಿನ ಕೆಲವರು ಉಪಾಧ್ಯಾಯರು ಆಂಧ್ರಪ್ರದೇಶದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮಶಾಲೆಗಳಲ್ಲಿ ಬೇರೆಬೇರೆ ವಯಸ್ಸಿನ ಮಕ್ಕಳು ಒಂದೇ ಕೊಠಡಿಯಲ್ಲಿ ಕಾರ್ಡುಗಳ ಸಹಾಯದಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡರು. ಹಿಂದಿರುಗಿದ ಮೇಲೆ ಕೂಡಿ ಕುಳಿತು ಕನ್ನಡದ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ರಚಿಸಿದರು. ಒಂದು ತಾಲ್ಲೂಕಿನ ಉಪಾಧ್ಯಾಯರು ನೋಡಿ ಕಲಿತುದು ೨೦೦೯ರ ಸುಮಾರಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು.

ಆದರೆ ನಮ್ಮಲ್ಲಿ ಒಂದು ದೊಡ್ಡ ಅಡಚಣೆಯುಂಟು. ಇಬ್ಬರೇ ಉಪಾಧ್ಯಾಯರಿರುವ ಹಳ್ಳಿಯ ಶಾಲೆಯಲ್ಲಿ ಒಬ್ಬರು ಇನ್ನೊಬ್ಬರ ಪಾಠವನ್ನು ನೋಡಲು ಹೋದರೆ ಅವರ ಮಕ್ಕಳ ಗತಿಯೇನು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೆ ಕೆಲವು ಉಪಾಯಗಳನ್ನು ಸೂಚಿಸಬಹುದು. ಎರಡು ತರಗತಿಗಳನ್ನು ಸೇರಿಸಿ ಒಬ್ಬರು ಪಾಠ ಹೇಳುವಾಗ ಇನ್ನೊಬ್ಬರು ನೋಡಬಹುದು. ಪೂರ್ತಿ ಪೀರಿಯಡ್ಡು ಬೇಕಾಗಿಲ್ಲ; ಹದಿನೈದು ನಿಮಿಷವೂ ಸಾಕು. ಕ್ಲಸ್ಟರಿನ ಉಪಾಧ್ಯಾಯರು ಸೇರುವ ಸಮಾಲೋಚನಾ ಸಭೆಯಲ್ಲಿ ಭಾಷಣದ ಬದಲು ಆ ಶಾಲೆಯ ಮಕ್ಕಳಿಗೇ ಒಂದು ಪಾಠ ನಡೆಸಿ ಎಲ್ಲರೂ ನೋಡಬಹುದು. ಅದೂ ಆಗದಿದ್ದರೆ ಮೊ‌ಬೈಲ್ ಫೋನನ್ನು ಮಕ್ಕಳ ಕಡೆಗೆ ತಿರುಗಿಸಿಟ್ಟು ಪಾಠವನ್ನು ಚಿತ್ರೀಕರಿಸಿ ಸಂಜೆ ಇಬ್ಬರೂ ಕುಳಿತು ನೋಡಬಹುದು. ಆ ಚಿತ್ರವು ಇಬ್ಬರ ಕೈಯನ್ನು ಬಿಟ್ಟು ಹೊರಗೆ ಹೋಗಕೂಡದು; ನೋಡಿಯಾದ ಮೇಲೆ ಅದನ್ನು ಅಳಿಸುವುದು ಲೇಸು.

ಹೊಸದಾಗಿ ಆರಂಭಿಸುವವರಿಗೆ ಈ ಕೆಳಗಿನ ನಾಲ್ಕು ಸೂತ್ರಗಳು ನೆರವಾಗುವುವು.

೧. ಪಾಠಕ್ಕೆ ಮುಂಚೆ ಐದು ನಿಮಿಷ ಕುಳಿತು ಒಂದೇ ಒಂದು ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಬೇಕು. ಆ ಪ್ರಶ್ನೆಯನ್ನು ಆರಿಸುವ ಹಕ್ಕು ಪಾಠ ಹೇಳುವವರದು.

೨. ನೋಡುವವರು ಮೂರು ಮಕ್ಕಳನ್ನು ಮಾತ್ರ ಆರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಅವರನ್ನೇ ಗಮನಿಸಬೇಕು. ಚುರುಕಾದವರನ್ನೇ ಆರಿಸಬಾರದು, ಸದ್ದಿಲ್ಲದೆ ಕುಳಿತಿರುವ ಮಗು ಆ ಮೂವರಲ್ಲಿ ಒಂದಾಗಿರಲಿ.

೩. ಕಾಗದದ ನಡುವೆ ಗೆರೆಯೆಳೆದು, ಎಡಗಡೆ ಕಂಡುದನ್ನೂ ಬಲಗಡೆ ತಮಗೆ ಅನ್ನಿಸಿದುದನ್ನೂ ಬರೆಯಬೇಕು. ಚರ್ಚೆಯನ್ನು ಎಡಗಡೆಯಿಂದಲೇ ಮೊದಲು ಮಾಡಬೇಕು.

೪. ಬರೆದ ಕಾಗದವು ಪಾಠ ಹೇಳಿದವರ ಸ್ವತ್ತು. ಅದು ಮುಖ್ಯೋಪಾಧ್ಯಾಯರ ಮೇಜಿಗಾಗಲಿ ಇಲಾಖೆಯ ಕಡತಕ್ಕಾಗಲಿ ಹೋಗತಕ್ಕದ್ದಲ್ಲ. ಮುಂದಿನ ವಾರ ಪಾತ್ರಗಳು ಅದಲುಬದಲಾಗಬೇಕು.

ಕೊನೆಯ ಸೂತ್ರವು ಎಲ್ಲಕ್ಕಿಂತ ಮುಖ್ಯವಾದುದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಉಪಾಧ್ಯಾಯರೂ ವರ್ಷಕ್ಕೆ ಕಡೆಯಪಕ್ಷ ೫೦ ಗಂಟೆಗಳನ್ನು ವೃತ್ತಿಯ ಬೆಳವಣಿಗೆಗಾಗಿ ಮೀಸಲಿಡಬೇಕೆಂದು ಹೇಳಿದೆ. ಆ ಗಂಟೆಗಳಲ್ಲಿ ಕೆಲವನ್ನಾದರೂ ಪಕ್ಕದ ಕೊಠಡಿಯಲ್ಲಿ ಕಳೆಯುವುದು ಯೋಗ್ಯವೆಂದು ನಮಗೆ ತೋರುತ್ತದೆ. ಆದರೆ ಒಬ್ಬರನ್ನೊಬ್ಬರು ನೋಡಬೇಕೆಂಬ ಆಜ್ಞೆ ಹೊರಟು, ಅದಕ್ಕೊಂದು ನಮೂನೆ ಅಚ್ಚಾಗಿ, ಪ್ರತಿ ತಿಂಗಳೂ ಅದನ್ನು ತುಂಬಿ ಕಳುಹಿಸಬೇಕೆಂದಾದರೆ, ಹಳೆಯ ತಪಾಸಣೆಯೇ ಹೊಸ ವೇಷದಲ್ಲಿ ಬಂದಂತಾಗುವುದು. ಆಗ ಉಪಾಧ್ಯಾಯರು ತಮಗೆ ಕಷ್ಟವಾದ ಪಾಠವನ್ನು ಬಿಟ್ಟು, ಚೆನ್ನಾಗಿ ಬರುವ ಪಾಠವನ್ನೇ ತೋರಿಸುವರು. ೦.೪ ಮತ್ತು ೦.೨೫ರ ಪ್ರಶ್ನೆಯನ್ನು ಮಾತ್ರ ಕೇಳಿ ೦.೩ ಮತ್ತು ೦.೪೫ರ ಪ್ರಶ್ನೆಯನ್ನು ಕೇಳದೆ ಬಿಡುವರು. ಹಾಗೆ ಬಿಟ್ಟಲ್ಲಿ, ಸರಿಯಾದ ಉತ್ತರವನ್ನು ತಪ್ಪು ಕಾರಣದಿಂದ ಬರೆದ ಮಗು ಯಾರ ಕಣ್ಣಿಗೂ ಬೀಳದೆ ಮುಂದಿನ ತರಗತಿಗೆ ಹೋಗುವುದು.